ಘಟ್ಟದ ಕಾಡಿನ ನೀರದಂಡೆ ಯಾರಿಗೆ? ಲಕ್ಯಾ ಸುತ್ತಲಿನ ಗೊಂದಲ ಬಿಡಿಸಿ ನೋಡಿದಾಗ

ಕಾಡಿನ ಪ್ರವಾಸದ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲ ಆಗುತ್ತದೆ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು. ಇಕೋ ಟೂರಿಸಂ ಸೌಲಭ್ಯಗಳಿಗೆ ಅದರಲ್ಲಿ ವಿನಾಯಿತಿ ಸಿಕ್ಕಿತು. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದರು. ಆಗ ರಾಜ್ಯ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ನಿಲ್ಲಿಸಿತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೊಸ ಮೃಗಾಲಯ, ಸಫಾರಿಗಳಿಗೆ ತನ್ನ ಅನುಮತಿ ಬೇಕು ಅಂದಿತು. ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಚಾರಣ ಬುಕಿಂಗ್ ಜಾಲತಾಣ ಬಂತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ನಂತರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು.

ಹಾಗಾದರೆ ಕಾಡು ತೆರೆದಿದೆಯೋ, ಮುಚ್ಚಿದೆಯೋ? ಮಂಗಳೂರು, ಉಡುಪಿಯವರಿಗೆ ಇದು ದೂರದ ಪ್ರಶ್ನೆ ಅಲ್ಲ. ಭಾನುವಾರ ಬೆಳಿಗ್ಗೆ ಕಾರ್ಕಳ, ಬಜಗೋಳಿ, ಮಾಳ ದಾಟಿ ಘಟ್ಟ ಹತ್ತುವ ಕಾರುಗಳಲ್ಲಿ ಹೆಚ್ಚಿನವು ನಮ್ಮ ಕಡೆಯವೇ. ಘಟ್ಟದ ಮೇಲೆ ಎಸ್.ಕೆ. ಬಾರ್ಡರ್ ಎಂಬ ಕೂಡುರಸ್ತೆಯಲ್ಲಿ ಬಲಕ್ಕೆ ತಿರುಗಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ರಸ್ತೆ. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್ ಬರೆದು, ಸಮಯ ಹಾಕಿ ಚೀಟಿ ಕೊಡುತ್ತಾರೆ. ಹೇಳಿದ ಹೊತ್ತಿನೊಳಗೆ ಆಚೆ ಗೇಟ್ ದಾಟಬೇಕು, ನಡುವೆ ನಿಲ್ಲಿಸುವಂತಿಲ್ಲ. ಆ ಕಾಡಿನ ನಡುವೆಯೇ, ಗುಡ್ಡಗಳ ಮಧ್ಯೆ, ದೊಡ್ಡದೊಂದು ನೀರಿನ ಹರವು ಇದೆ: ಲಕ್ಯಾ.

ಇಂಥ ಜಾಗದಲ್ಲಿ ಬೋಟಿಂಗ್, ಕಾಟೇಜ್, ಪಿಕ್ನಿಕ್ ತಾಣ ಮಾಡಬಾರದೇಕೆ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಗಣಿಗಾರಿಕೆ ನಿಂತ ಮೇಲೆ ಕುದುರೆಮುಖ ಟೌನ್‌ಶಿಪ್ಪನ್ನು ಪ್ರವಾಸಿ ತಾಣ ಮಾಡುವ ಪ್ರಸ್ತಾಪಗಳೂ ಬಂದಿದ್ದವು. ಘಟ್ಟದ ಬೇರೆ ನೀರದಂಡೆಗಳ ಬಗ್ಗೆ ಏಳುವ ಪ್ರಶ್ನೆಗಳೆಲ್ಲ ಲಕ್ಯಾದಲ್ಲಿ ಒಂದೇ ಕಡೆ ಸಿಗುತ್ತವೆ. ಅದಕ್ಕೇ ಅದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಕೆರೆ ಹಾಗೆ ಕಾಣುತ್ತದೆ, ಕೆರೆ ಅಲ್ಲ

ಲಕ್ಯಾ ಹೊಳೆ ಭದ್ರಾ ನದಿಗೆ ಸೇರುವ ಒಂದು ಹಳ್ಳ. ಅದಕ್ಕೆ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಿದ್ದು ಕುಡಿಯುವ ನೀರಿಗಲ್ಲ, ಗದ್ದೆಗೂ ಅಲ್ಲ. ಅದಿರು ತೊಳೆದು ಉಳಿದ ಹೂಳನ್ನು ತಡೆದು ನಿಲ್ಲಿಸುವುದಕ್ಕೆ.

ಹಿನ್ನೆಲೆ ಹೀಗಿದೆ. 1975ರಲ್ಲಿ ಇರಾನ್ ಜೊತೆ ಅದಿರು ಪೂರೈಕೆಯ ಒಪ್ಪಂದ ಆಯಿತು. ಮರುವರ್ಷ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅಗೆದದ್ದನ್ನು ಹಾಗೇ ಮಾರುವ ಹಾಗಿರಲಿಲ್ಲ. ನುಣ್ಣಗೆ ಪುಡಿ ಮಾಡಿ, ನೀರಿನಲ್ಲಿ ಕಲಸಿ, ಕಬ್ಬಿಣದ ಭಾಗವನ್ನು ಬೇರ್ಪಡಿಸಬೇಕಿತ್ತು. ಹೀಗೆ ಸಿಕ್ಕಿದ ಸಾರವನ್ನು ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ತರುತ್ತಿದ್ದರು. ಅಗೆದದ್ದರಲ್ಲಿ ಮಂಗಳೂರಿಗೆ ಬಂದದ್ದು ಸುಮಾರು ಮೂರನೇ ಒಂದು ಪಾಲು. ಉಳಿದ ಎರಡು ಪಾಲು ಲಕ್ಯಾ ಕಣಿವೆಯಲ್ಲೇ ಉಳಿಯಿತು. ವರ್ಷ ವರ್ಷ ಹೀಗೆ ಕೋಟಿಗಟ್ಟಲೆ ಟನ್ ನುಣ್ಣನೆಯ ಹೂಳು ಅಲ್ಲಿ ತುಂಬಿದೆ.

ಈ ನಡುವೆ 1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸುವ ಅಧಿಸೂಚನೆ ಬಂತು. ಸುಮಾರು 600 ಚದರ ಕಿಲೋಮೀಟರ್ ಕಾಡು, ಅದರ ನಡುವೆ ಗಣಿ. ಗಣಿ ಗುತ್ತಿಗೆಯ ಜಾಗ ಉದ್ಯಾನದ ಗಡಿಯೊಳಗೆ ಇರಬೇಕೋ ಹೊರಗೋ ಎಂಬುದೇ ವರ್ಷಗಟ್ಟಲೆ ವಿವಾದ ಆಯಿತು. ವನ್ಯಜೀವಿ ಹೋರಾಟಗಾರ ಕೆ.ಎಂ. ಚಿಣ್ಣಪ್ಪ ಅವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಗಣಿ ನಿಂತರೂ ಹೂಳು ಎಲ್ಲಿಗೂ ಹೋಗಲಿಲ್ಲ. ಮೇಲೆ ಮಳೆನೀರು ನಿಂತಿತು. ಸುತ್ತ ಹಸಿರು ಬೆಳೆಯಿತು. ದೂರದಿಂದ ತೆಗೆದ ಫೋಟೋದಲ್ಲಿ ಅದು ಥೇಟ್ ಬೆಟ್ಟದ ಸರೋವರ. ಗೊಂದಲಕ್ಕೆ ಮೊದಲ ಕಾರಣವೇ ಈ ಫೋಟೋ. ನೋಡಿದವರಿಗೆ ಅದು ಪ್ರಕೃತಿ ಕೊಟ್ಟ ತಾಣ ಅನ್ನಿಸುತ್ತದೆ. ಅಸಲಿಗೆ ಅದು ಒಂದು ಕೈಗಾರಿಕೆಯ ತ್ಯಾಜ್ಯದ ಉಗ್ರಾಣ. ಅದನ್ನು ಕಾಯುವ ಕೆಲಸ ಇನ್ನೂ ಮುಗಿದಿಲ್ಲ.

ಇದರಿಂದ ಆಗುವ ಮೊದಲ ಪರಿಣಾಮ ಸುರಕ್ಷತೆಯದ್ದು. ಕಲ್ಲು, ಮರಳಿನ ದಂಡೆ ಕಾಲಿಗೆ ಆಧಾರ ಕೊಡುತ್ತದೆ. ನುಣ್ಣನೆಯ ಹೂಳು ಹಾಗಲ್ಲ. ಮೇಲ್ಪದರ ಒಣಗಿ ಗಟ್ಟಿ ನೆಲದ ಹಾಗೆ ಕಾಣುತ್ತದೆ, ಒಳಗೆ ನೀರು ಹಿಡಿದಿರುತ್ತದೆ. ಕಾಲಿಟ್ಟರೆ ಹೂತುಹೋಗುವ ಅಪಾಯ ಇರುತ್ತದೆ. ಬೇರೆ ಕೆರೆಗೆ ಹಾಕುವ ಮೆಟ್ಟಿಲು, ಜೆಟ್ಟಿಗಳನ್ನು ಇಲ್ಲಿಗೂ ಹಾಕಿದರೆ ಆಯಿತು ಎಂದು ಲೆಕ್ಕ ಹಾಕುವವರು ಈ ಒಂದು ವಿಷಯವನ್ನು ಬಿಟ್ಟುಬಿಡುತ್ತಾರೆ.

ಕಾನೂನಿನ ತೂತು ಎಲ್ಲಿದೆ

ಜಾಗ ಒಂದೇ ಆದರೂ ಕಾಗದದಲ್ಲಿ ಅದಕ್ಕಿರುವ ಹೆಸರು ಯಾವುದು ಎನ್ನುವುದರ ಮೇಲೆ ನಿಯಮ ಬದಲಾಗುತ್ತದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಮೀಸಲು ಅರಣ್ಯ, ಡೀಮ್ಡ್ ಫಾರೆಸ್ಟ್ (ಕಾಡಿನ ಲಕ್ಷಣ ಇದೆ ಎಂದು ಗುರುತಿಸಿದ ಜಾಗ), ಕಂದಾಯ ಭೂಮಿ. ಐದಕ್ಕೂ ಬೇರೆ ಬೇರೆ ದಾರಿ. ಒಂದು ಕಡೆ ಬಿಡುತ್ತಾರೆ, ಹತ್ತು ಕಿಲೋಮೀಟರ್ ಆಚೆ ಬಿಡಲ್ಲ ಎಂದು ಜನ ಸಿಟ್ಟಾಗುವುದು ಇದರಿಂದಲೇ.

1972ರ ವನ್ಯಜೀವಿ ಕಾಯ್ದೆ ಪ್ರವಾಸಕ್ಕಾಗಿ ಕಾಡಿನೊಳಗೆ ಹೋಗುವುದನ್ನು ಪೂರ್ತಿ ನಿಷೇಧಿಸಿಲ್ಲ. ಅನುಮತಿ ಪಡೆದು ಹೋಗಬಹುದು. ಆದರೆ ಅಭಯಾರಣ್ಯದೊಳಗೆ ವಾಣಿಜ್ಯ ಉದ್ದೇಶದ ವಸತಿಗೃಹ, ಹೋಟೆಲ್ ಕಟ್ಟಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಸರ್ಕಾರದ್ದೇ ವಸತಿಗೃಹ ಆದರೂ ಬೇಕು. ಅಂದರೆ ಕಾಡು ನೋಡುವುದು ಬೇರೆ, ಕಾಡಿನಲ್ಲಿ ಕಟ್ಟುವುದು ಬೇರೆ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ.

2023ರ ತಿದ್ದುಪಡಿ ಈ ಗೆರೆಯನ್ನು ಮಸುಕು ಮಾಡಿತು. ಮೊದಲು ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೇಂದ್ರದ ಅನುಮತಿ ಬೇಕಿತ್ತು. ಈಗ ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲೋ ವನ್ಯಜೀವಿ ನಿರ್ವಹಣಾ ಯೋಜನೆಯಲ್ಲೋ ಸೇರಿಸಿದ ಇಕೋ ಟೂರಿಸಂ ಸೌಲಭ್ಯವನ್ನು ‘ಬೇರೆ ಉದ್ದೇಶ’ ಎಂದು ಎಣಿಸುವುದಿಲ್ಲ. ಯೋಜನೆಯ ಪುಸ್ತಕದಲ್ಲಿ ಒಂದು ಸಾಲು ಸೇರಿದರೆ ಆ ಕಾಯ್ದೆಯಡಿ ಪ್ರತ್ಯೇಕ ಅನುಮತಿ ಬೇಡ. 2024ರ ಫೆಬ್ರವರಿ 19ರ ಸುಪ್ರೀಂ ಕೋರ್ಟ್ ಆದೇಶ ಎರಡು ಕೆಲಸ ಮಾಡಿತು. ಕಾಡು ಅಂದರೆ ಏನು ಎನ್ನುವುದಕ್ಕೆ 1996ರ ಗೋದಾವರ್ಮನ್ ತೀರ್ಪಿನ ವಿಶಾಲ ಅರ್ಥವನ್ನೇ, ಅಂದರೆ ಒಡೆತನ ಯಾರದ್ದಾದರೂ ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡೇ ಎನ್ನುವುದನ್ನೇ, ಪಾಲಿಸಿ ಎಂದಿತು. ಮೃಗಾಲಯ, ಸಫಾರಿ ತನ್ನನ್ನು ಕೇಳದೆ ಬೇಡ ಎಂದಿತು. ಆ ಮಾತು ಹೇಳಿದ್ದು ಮೃಗಾಲಯ, ಸಫಾರಿಗಳ ಬಗ್ಗೆ. ಕಾಟೇಜು, ಜೆಟ್ಟಿ, ಕೆಫೆಗಳ ಬಗ್ಗೆ ಅಲ್ಲ.

ಇನ್ನು ನೀರಿನ ವಿಷಯ. 2017ರ ಜೌಗು ಪ್ರದೇಶ ನಿಯಮಗಳಲ್ಲಿ ಒಂದು ಒಳ್ಳೆಯ ಅಂಶ ಇದೆ. ಹತ್ತು ವರ್ಷದ ಸರಾಸರಿ ಉಚ್ಚ ನೀರಿನ ಮಟ್ಟದಿಂದ 50 ಮೀಟರ್‌ವರೆಗೆ ದೋಣಿಕಟ್ಟೆ ಬಿಟ್ಟು ಬೇರೆ ಕಾಯಂ ಕಟ್ಟಡ ಕಟ್ಟುವಂತಿಲ್ಲ. ಆದರೆ ಅರಣ್ಯ ಕಾಯ್ದೆಗಳ ವ್ಯಾಪ್ತಿಯಲ್ಲಿರುವ ನೀರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಅರಣ್ಯ ಕಾನೂನು ಇನ್ನೂ ಬಿಗಿ ಇದೆ, ಅದೇ ಸಾಕು ಎನ್ನುವ ಲೆಕ್ಕಾಚಾರ. ಆದರೆ ಅರಣ್ಯ ಕಾನೂನಿನಲ್ಲಿ ನೀರಂಚಿಗೆ ಇಷ್ಟು ಮೀಟರ್ ಎಂಬ ಗೆರೆಯೇ ಇಲ್ಲ. ಇಕೋ ಟೂರಿಸಂಗೆ ವಿನಾಯಿತಿ ಬಂದ ಮೇಲೆ ಈ ತೂತು ದೊಡ್ಡದಾಗಿದೆ. ಊರಿನ ನಡುವಿನ ಅಧಿಸೂಚಿತ ಕೆರೆಗಿರುವ 50 ಮೀಟರ್ ರಕ್ಷಣೆ ಕಾಡಿನ ಕೆರೆಗೆ ಅಕ್ಷರದಲ್ಲಿ ಇಲ್ಲ. ಇದು ಸರಿಯಲ್ಲ, ಮೊದಲು ಸರಿಪಡಿಸಬೇಕಾದದ್ದು ಇದನ್ನೇ.

ಸಂಜೆ ನಾಲ್ಕರಿಂದ ಏಳರವರೆಗೆ

ಕಾಡಿನಲ್ಲಿ ನೀರದಂಡೆಗೆ ಉಳಿದ ಜಾಗಕ್ಕಿಲ್ಲದ ಮಹತ್ವ ಇದೆ. ಪ್ರಾಣಿಗಳು ಕಾಡಿನ ಯಾವ ಮೂಲೆಯಲ್ಲಿದ್ದರೂ ಬೇಸಿಗೆಯಲ್ಲಿ ನೀರಿಗೆ ಬರಲೇಬೇಕು. ಕಾಟಿ, ಕಡವೆಗಳು ಹೆಚ್ಚಾಗಿ ಬೆಳಗಿನ ಜಾವ ಅಥವಾ ಸಂಜೆ ಇಳಿಯುತ್ತವೆ. ನೀರುನಾಯಿಗಳ ಬೇಟೆ, ಆಟ, ಮರಿ ಸಾಕುವುದು ಎಲ್ಲ ದಂಡೆಯ ಆಸುಪಾಸಿನಲ್ಲೇ.

ಮನುಷ್ಯರಿಗೂ ಅದೇ ಹೊತ್ತು ಬೇಕು. ಬಿಸಿಲು ಇಳಿದ ಮೇಲೆ ದಂಡೆಯಲ್ಲಿ ಕೂರಬೇಕು, ಸೂರ್ಯಾಸ್ತ ನೋಡಬೇಕು, ಫೋಟೋ ಬೇಕು. ಜಗಳ ಇರುವುದು ಈ ಮೂರು ಗಂಟೆಗಾಗಿ. ನಾಲ್ಕು ಸಾವಿರ ಎಕರೆ ಕಾಡಿನಲ್ಲಿ ನಾಲ್ಕು ಎಕರೆ ಮಾತ್ರ ಬಳಸುತ್ತೇವೆ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಆ ನಾಲ್ಕು ಎಕರೆ ನೀರಂಚಿನದ್ದಾದರೆ ಅದರ ಪರಿಣಾಮ ಇಡೀ ಕಣಿವೆಗೆ ತಟ್ಟುತ್ತದೆ.

ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಳ್ಳುತ್ತದೆ ನೋಡಿ. ಜನ ದಂಡೆಯಲ್ಲಿ ಕೂತರೆ ಪ್ರಾಣಿಗಳು ಕತ್ತಲಾಗುವವರೆಗೆ ಕಾಯುತ್ತವೆ, ಇಲ್ಲವೇ ಬೇರೆ ನೀರು ಹುಡುಕುತ್ತವೆ. ಬೇಸಿಗೆಯಲ್ಲಿ ಬೇರೆ ನೀರು ಅಂದರೆ ಹೆಚ್ಚಾಗಿ ತೋಟದ ಬದಿಯ ಹಳ್ಳ, ಕೆರೆ. ಕಾಟಿ ತೋಟಕ್ಕೆ ಇಳಿದರೆ ಅಡಿಕೆ ಸಸಿ, ಬಾಳೆ ಹೋಗುತ್ತದೆ. ಕೃಷಿಕರು ಸಿಟ್ಟಾಗುತ್ತಾರೆ. ಪ್ರವಾಸಿಗೆ ಗೊತ್ತೇ ಆಗದ ನಷ್ಟವನ್ನು ಕಳಸ, ಸಂಸೆಯ ಬದಿಯ ರೈತ ಭರಿಸಬೇಕಾಗುತ್ತದೆ.

ತಿಂಡಿಯದ್ದು ಇನ್ನೊಂದು ಕಥೆ. ಘಾಟಿ ರಸ್ತೆಗಳಲ್ಲಿ ಮಂಗಗಳಿಗೆ ಚಿಪ್ಸ್, ಬಾಳೆಹಣ್ಣು ಕೊಟ್ಟು ಕೊಟ್ಟು ಅವು ಗಾಡಿ ಕಂಡರೆ ರಸ್ತೆಗೆ ಇಳಿಯುವುದನ್ನು ಎಲ್ಲರೂ ನೋಡಿದ್ದಾರೆ. ಕುದುರೆಮುಖದ ಕಾಡಿನಲ್ಲಿ ಸಿಂಗಳೀಕಗಳಿವೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಮರದ ಮೇಲೆಯೇ ಬದುಕುವ ಪ್ರಾಣಿ ಅದು. ರಸ್ತೆ ಅಗಲವಾಗಿ ಮೇಲಿನ ಕೊಂಬೆಗಳ ಸಂಪರ್ಕ ತಪ್ಪಿದರೆ ಅವೂ ನೆಲಕ್ಕೆ ಇಳಿಯಬೇಕಾಗುತ್ತದೆ.

ಮಳೆಗಾಲದಲ್ಲಿ ಸಮಸ್ಯೆ ಬೇರೆ. ಕುದುರೆಮುಖದಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಹಳ್ಳಗಳು ನೋಡುನೋಡುತ್ತಲೇ ಏರುತ್ತವೆ. 2023ರ ಜುಲೈಯಲ್ಲಿ ಕೊಲ್ಲೂರಿನ ಅರಸಿನಗುಂಡಿ ಜಲಪಾತದ ಬಳಿ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದ ವಿಡಿಯೋ ನಾಡೆಲ್ಲ ಹರಿದಾಡಿತು. ಶವ ಸಿಗಲು ದಿನಗಟ್ಟಲೆ ಹುಡುಕಬೇಕಾಯಿತು. ಭಾರಿ ಮಳೆಯ ದಿನಗಳಲ್ಲಿ ಜಿಲ್ಲಾಡಳಿತ ಇಂಥ ಜಾಗಗಳನ್ನು ಮುಚ್ಚುವುದು ಸುಮ್ನೆ ಅಲ್ಲ. ಒಬ್ಬರನ್ನು ಹುಡುಕಲು ಅರಣ್ಯ ಸಿಬ್ಬಂದಿ, ಅಗ್ನಿಶಾಮಕ ದಳದವರು, ಊರಿನ ಈಜುಗಾರರು ತಮ್ಮ ಜೀವ ಪಣಕ್ಕಿಡಬೇಕಾಗುತ್ತದೆ.

ತೆರೆಯಿರಿ ಎನ್ನುವವರ ಮಾತಿನಲ್ಲೂ ಹುರುಳಿದೆ

ಗಣಿ ನಿಂತಾಗ ಕುದುರೆಮುಖ ಟೌನ್‌ಶಿಪ್ ಖಾಲಿಯಾಯಿತು. ಅದನ್ನೇ ನಂಬಿದ್ದ ಅಂಗಡಿ, ಗಾಡಿ, ಕೂಲಿ ಕೆಲಸ ಹೋದವು. ಇವತ್ತು ಸುತ್ತಲಿನ ಊರುಗಳಲ್ಲಿ ನಗದು ಕೈಗೆ ಬರುವುದು ಹೋಂಸ್ಟೇ, ಜೀಪುಗಳಿಂದ. ಕುದುರೆಮುಖ ಶಿಖರಕ್ಕೆ ಹೋಗುವವರನ್ನು ಬಾಳೆಗಲ್ಲಿನಿಂದ ಮುಳ್ಳೋಡಿಗೆ ಹತ್ತಿಸುವ ಜೀಪಿನವರು, ಊಟ ಹಾಕುವ ಮನೆಗಳು, ದಾರಿ ತೋರಿಸುವ ಹುಡುಗರು. ಚಾರಣ ಬಂದ್ ಆದ ವಾರ ಈ ಮನೆಗಳಲ್ಲಿ ಸಂಪಾದನೆ ಇಲ್ಲ.

ಅವರ ಇನ್ನೊಂದು ವಾದ: ಜನ ಕಾಡನ್ನು ನೋಡದಿದ್ದರೆ ಕಾಡಿನ ಪರ ಮಾತಾಡುವವರು ಯಾರು? ಗಣಿಯ ವಿರುದ್ಧ ಕರಾವಳಿ, ಮಲೆನಾಡಿನಲ್ಲಿ ದನಿ ಎದ್ದದ್ದು ಆ ಗುಡ್ಡಗಳನ್ನು ಕಂಡವರಿಂದಲೇ ಅಲ್ವಾ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಧಿಕೃತ ದಾರಿ ಮುಚ್ಚಿದರೆ ಕಳ್ಳದಾರಿ ಹುಟ್ಟುತ್ತದೆ ಎಂಬುದೂ ನಿಜ. ಲೆಕ್ಕಕ್ಕೇ ಸಿಗದ ಪ್ರವಾಸಿ ಲೆಕ್ಕ ಕೊಟ್ಟು ಬಂದವನಿಗಿಂತ ಜಾಸ್ತಿ ಅಪಾಯ.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಚಾರಣಿಗ ಊರಿನ ಜೀಪು ಹತ್ತುತ್ತಾನೆ, ಊರಿನ ಮನೆಯಲ್ಲಿ ಉಣ್ಣುತ್ತಾನೆ. ಕೆರೆದಂಡೆಯ ರೆಸಾರ್ಟ್ ಮಾದರಿಯಲ್ಲಿ ಬುಕಿಂಗ್ ನಗರದಲ್ಲಿ, ಊಟ ಗುತ್ತಿಗೆದಾರನದ್ದು, ಬೋಟು ಹೊರಗಿನ ಏಜೆನ್ಸಿಯದ್ದು. ಊರಿನವರಿಗೆ ಉಳಿಯುವುದು ಹೌಸ್‌ಕೀಪಿಂಗ್, ವಾಚ್‌ಮನ್ ಕೆಲಸ. ಕಾಡಿನವರ ಜೀವನೋಪಾಯ ಎಂಬ ಹೆಸರಿನಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಒಳಗೇ ಇರುವವರ ಪ್ರಶ್ನೆ

ಉದ್ಯಾನದೊಳಗೆ, ಅಂಚಿನಲ್ಲಿ ಮಲೆಕುಡಿಯ ಕುಟುಂಬಗಳಿವೆ, ಬೇರೆ ಕೃಷಿಕರೂ ಇದ್ದಾರೆ. ಬೆಳ್ತಂಗಡಿ ತಾಲೂಕಿನ ಎಳನೀರು ಎಂಬ ಊರಿನವರು ಘಟ್ಟದ ಕೆಳಗಿನ ದಿಡುಪೆಯಿಂದ ನೇರ ರಸ್ತೆ ಕೊಡಿ ಎಂದು ಬಹಳ ಕಾಲದಿಂದ ಕೇಳುತ್ತಿದ್ದಾರೆ. ತಮ್ಮದೇ ತಾಲೂಕು ಕಚೇರಿಗೆ ಬರಲು ಅವರು ಘಟ್ಟ ಸುತ್ತಿ ಬರಬೇಕು. ರಾಷ್ಟ್ರೀಯ ಉದ್ಯಾನದ ನಿಯಮ ಅಡ್ಡ ಬರುತ್ತದೆ ಎಂಬ ಉತ್ತರ ಅವರಿಗೆ ಸಿಗುತ್ತಲೇ ಇದೆ. ಕುದುರೆಮುಖವನ್ನು ಹುಲಿ ಮೀಸಲು ಮಾಡುವ ಮಾತು ಬಂದಾಗ ವಿರೋಧ ಎದ್ದದ್ದೂ ಇಂಥ ಅನುಭವದಿಂದಲೇ. ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಅವರನ್ನು ಬಿಟ್ಟಿಲ್ಲ.

ಈಗ ಅದೇ ಕಾಡಿನ ನೀರದಂಡೆಯಲ್ಲಿ ಪ್ರವಾಸಿಗಾಗಿ ರಸ್ತೆ, ವಿದ್ಯುತ್, ಕಾಟೇಜ್ ಬಂದರೆ ಅವರಿಗೆ ಏನು ಉತ್ತರ ಕೊಡುವುದು? ಹೆರಿಗೆಗೆ ಹೊರಟ ಹೆಂಗಸಿಗೆ ಇಲ್ಲದ ರಸ್ತೆ ವಾರಾಂತ್ಯದ ಕಾರಿಗೆ ಹೇಗೆ ಸಿಕ್ಕಿತು ಎಂದು ಕೇಳಿದರೆ? 2006ರ ಅರಣ್ಯ ಹಕ್ಕು ಕಾಯ್ದೆ ಶಾಲೆ, ರಸ್ತೆ, ಕುಡಿಯುವ ನೀರಿನಂಥ ಸೌಲಭ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಸೀಮಿತ ಅರಣ್ಯ ಭೂಮಿ ಬಳಸಲು ದಾರಿ ಮಾಡಿದೆ. ಆ ದಾರಿ ಮೊದಲು ಸಾಗಲಿ. ಸಂರಕ್ಷಣೆಯ ಹೆಸರಿನಲ್ಲಿ ನಿವಾಸಿಗೊಂದು, ಪ್ರವಾಸಿಗೊಂದು ನಿಯಮ ಇಟ್ಟರೆ ಕಾಡು ಕಾಯಬೇಕಾದ ಜನರೇ ಕಾಡಿನ ಇಲಾಖೆಯ ಎದುರು ನಿಲ್ಲುತ್ತಾರೆ.

300ರ ಲೆಕ್ಕ ದಂಡೆಗೆ ಸಾಲದು

ಬುಕಿಂಗ್ ವ್ಯವಸ್ಥೆಯಲ್ಲಿ ಒಂದು ಚಾರಣ ಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿದ್ದು ಒಳ್ಳೆಯ ಆರಂಭ. ಒಂದೇ ರಜೆಗೆ ಸಾವಿರಾರು ಜನ ನುಗ್ಗುವುದು ಇದರಿಂದ ತಪ್ಪುತ್ತದೆ. ಆದರೆ ಇದು ನಡೆಯುವವರ ಲೆಕ್ಕ. ಚಾರಣಿಗರು ಒಂದು ದಾರಿಯಲ್ಲಿ ಸಾಗಿ ವಾಪಸ್ ಬರುತ್ತಾರೆ. ದಂಡೆಯಲ್ಲಿ ಜನ ನಿಲ್ಲುತ್ತಾರೆ, ಕೂರುತ್ತಾರೆ, ಉಣ್ಣುತ್ತಾರೆ, ನೀರಿಗಿಳಿಯುತ್ತಾರೆ. ಮೂವತ್ತು ಜನ ಮೂರು ಗಂಟೆ ಕೂತರೆ ಆಗುವ ತೊಂದರೆ ಮುನ್ನೂರು ಜನ ಹಾದುಹೋಗುವುದಕ್ಕಿಂತ ಜಾಸ್ತಿ ಆಗಬಹುದು.

ಹಾಗಾಗಿ ದಂಡೆಗೆ ತಲೆಯೆಣಿಕೆ ಒಂದೇ ಸಾಲದು. ಎಷ್ಟು ಉದ್ದದ ದಂಡೆ, ಯಾವ ತಿಂಗಳು, ಯಾವ ಹೊತ್ತು, ಎಷ್ಟು ಹೊತ್ತು ಎಂದು ನಿಗದಿ ಮಾಡಬೇಕು. ಮಧ್ಯಾಹ್ನ ಮೂರರ ನಂತರ ದಂಡೆಯಲ್ಲಿ ಯಾರೂ ಇರುವಂತಿಲ್ಲ ಎಂಬ ಒಂದೇ ನಿಯಮ ಹತ್ತು ಫಲಕಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕೇಂದ್ರ ಪರಿಸರ ಸಚಿವಾಲಯದ 2021ರ ಇಕೋ ಟೂರಿಸಂ ಮಾರ್ಗಸೂಚಿಯೂ ಪ್ರತಿ ಜಾಗದ ಧಾರಣಾ ಸಾಮರ್ಥ್ಯ, ಅಂದರೆ ಹಾಳಾಗದೆ ಅದು ಎಷ್ಟು ಜನರನ್ನು ತಾಳಿಕೊಳ್ಳುತ್ತದೆ ಎಂಬುದನ್ನು, ಲೆಕ್ಕ ಹಾಕಿಯೇ ಮುಂದುವರಿಯಿರಿ ಎನ್ನುತ್ತದೆ. ಪಾರ್ಕಿಂಗ್‌ನಲ್ಲಿ ಎಷ್ಟು ಕಾರು ಹಿಡಿಸುತ್ತದೆ ಎಂಬುದು ಧಾರಣಾ ಸಾಮರ್ಥ್ಯ ಅಲ್ಲ.

ನೀರಿನ ಪಕ್ಕ ಕೂರುವ ಆಸೆಗೆ ಬೇರೆ ಜಾಗ ಇಲ್ಲವೇ?

ಇದೆ, ನಮ್ಮ ಪಕ್ಕದಲ್ಲೇ ಇದೆ. ಪಿಲಿಕುಳ ನಿಸರ್ಗಧಾಮದಲ್ಲಿ ಕೆರೆ, ಬೋಟಿಂಗ್, ಮಕ್ಕಳಿಗೆ ಬೇಕಾದ್ದೆಲ್ಲ ಇದೆ. ಆ ಜಾಗವನ್ನು ಜನರಿಗಾಗಿಯೇ ರೂಪಿಸಿದ್ದಾರೆ. ಕಾವೂರು ಕೆರೆ, ಮಣಿಪಾಲದ ಮಣ್ಣಪಳ್ಳ, ಕಾರ್ಕಳದ ಆನೆಕೆರೆ ಇವೆ. ಘಟ್ಟದ ಬುಡದ ವರಂಗದಲ್ಲಿ ಕೆರೆಯ ನಡುವಿನ ಬಸದಿಗೆ ದೋಣಿಯಲ್ಲೇ ಹೋಗಬೇಕು. ಸುತ್ತ ಗದ್ದೆ, ಹಿಂದೆ ಘಟ್ಟದ ಸಾಲು. ಊರಿನವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನೀರು ಅದು.

ಇವುಗಳ ಹೂಳು ತೆಗೆಸಿ, ಕೊಳಚೆ ನೀರು ಸೇರದಂತೆ ಮಾಡಿ, ನೆರಳಿನ ಮರ ಬೆಳೆಸಿ, ಶೌಚಾಲಯ ಸ್ವಚ್ಛ ಇಟ್ಟರೆ ಘಟ್ಟದ ಮೇಲಿನ ಒತ್ತಡ ಎಷ್ಟೋ ಇಳಿಯುತ್ತದೆ. ನೂರು ಕಿಲೋಮೀಟರ್ ದೂರದ ಕಾಡಿನ ದಂಡೆಗೆ ಜನ ಓಡುವುದು ಮನೆ ಹತ್ತಿರದ ಕೆರೆ ವಾಸನೆ ಹೊಡೆಯುವುದರಿಂದಲೂ ಹೌದು. ಇಕೋ ಟೂರಿಸಂ ಚರ್ಚೆಯಲ್ಲಿ ಈ ಸಂಬಂಧವನ್ನು ಯಾರೂ ಎತ್ತುವುದೇ ಇಲ್ಲ.

ಹಾಗಂತ ಘಟ್ಟದ ಗೇಟು ಪೂರ್ತಿ ಮುಚ್ಚಬೇಕಿಲ್ಲ. ಕಾಡನ್ನು ನಡೆದು ನೋಡುವವರಿಗೆ ದಾರಿ ಇರಲಿ. ನೀರನ್ನು ದೂರದ ಎತ್ತರದಿಂದ ನೋಡುವ ಒಂದೆರಡು ಜಾಗ ಇರಲಿ. ದಂಡೆ ಮಾತ್ರ ಬೇಡ.

ಲಕ್ಯಾದ ಮುಂದಿನ ಪ್ರಶ್ನೆ ಅಣೆಕಟ್ಟಿನದ್ದು

2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆಮುಖ, ಸೋಮೇಶ್ವರ, ಆಗುಂಬೆ ಅದರಲ್ಲಿವೆ. ಇಂಥ ಕಾಡಿನ ನಡುವೆ ಕೋಟಿಗಟ್ಟಲೆ ಟನ್ ಹೂಳನ್ನು ಒಂದು ಮಣ್ಣಿನ ಒಡ್ಡು ಹಿಡಿದುಕೊಂಡಿದೆ. ಗಣಿಗಾರಿಕೆಯ ಕಾಲದ ಅರಣ್ಯ ಹಾನಿ, ಬಾಕಿ ಪರಿಹಾರದ ವಿಚಾರ 2024ರಲ್ಲಿ, ಇದೇ ಕಂಪನಿಯ ಸಂಡೂರಿನ ದೇವದಾರಿ ಗಣಿ ಯೋಜನೆಯ ವಿವಾದದ ಜೊತೆ ಮತ್ತೆ ಮೇಲೆ ಬಂತು. ಹಳೆಯ ಲೆಕ್ಕ ಚುಕ್ತಾ ಆಗುವವರೆಗೆ ಕಂಪನಿಗೆ ಹೊಸ ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದ್ದರು.

ಲಕ್ಯಾದ ನೀರು ಮಂಗಳೂರಿನ ನಲ್ಲಿಗೆ ಬರುವುದಿಲ್ಲ. ನಮಗೆ ತುಂಬೆಯಲ್ಲಿ ಸಿಗುವುದು ನೇತ್ರಾವತಿ, ಉಡುಪಿಗೆ ಬಜೆಯಲ್ಲಿ ಸಿಗುವುದು ಸ್ವರ್ಣಾ. ಲಕ್ಯಾ ಭದ್ರೆಯ ಕಡೆ ಹರಿಯುತ್ತದೆ. ಒಡ್ಡಿಗೆ ಏನಾದರೂ ಆದರೆ ಹೂಳು ಸೇರುವುದು ಭದ್ರೆಗೆ. ಅದನ್ನು ನಂಬಿದ ಗದ್ದೆ, ತೋಟ, ಪಟ್ಟಣಗಳು ಘಟ್ಟದ ಆಚೆ ಕೆಳಗಿನವರೆಗೂ ಇವೆ. ಅದಿರಿನ ಲಾಭ ಇಳಿದು ಬಂದದ್ದು ಪಣಂಬೂರಿಗೆ. ಹಾಗಾಗಿ ಆ ಕಣಿವೆಯ ಬಗ್ಗೆ ಕೇಳುವ ಹೊಣೆ ಕರಾವಳಿಗೂ ಇದೆ.

ಮುಂದೆ ಲಕ್ಯಾ ದಂಡೆಯ ಯಾವುದೇ ಪ್ರವಾಸಿ ಯೋಜನೆಯ ಸುದ್ದಿ ಬಂದರೆ ಮೊದಲು ನೋಡಬೇಕಾದದ್ದು ಕಾಟೇಜಿನ ಚಿತ್ರವನ್ನಲ್ಲ. ಒಡ್ಡಿನ ತಪಾಸಣೆ ಯಾರು ಮಾಡುತ್ತಾರೆ, ಪ್ರತಿ ಮಳೆಗಾಲದ ಮೊದಲು ಅದರ ವರದಿ ಜನರಿಗೆ ಸಿಗುತ್ತದೆಯೇ, ಕಂಪನಿ ಪೂರ್ತಿ ಹೊರಟುಹೋದರೆ ಮುಂದಿನ ನೂರು ವರ್ಷ ಅದರ ಖರ್ಚು ಯಾರದ್ದು? ಈ ಮೂರಕ್ಕೆ ಲಿಖಿತ ಉತ್ತರ ಸಿಗುವವರೆಗೆ ಆ ದಂಡೆಗೆ ಒಂದು ಬೆಂಚನ್ನೂ ಹಾಕಬಾರದು.